ಮೊಳಕೆಯೋ, ಹಸಿ ತರಕಾರಿಯೋ, ಬೇಯಿಸಿದ ಮುದ್ದೆಯೋ: ನಮ್ಮ ಮೂರು ಹಕ್ಕಿಗಳ ಬಟ್ಟಲಿನಿಂದ

ಶಿವಮೊಗ್ಗದ ಪಶುವೈದ್ಯರು ನಮ್ಮ ಕಾಕಟೀಲ್ ಚುಕ್ಕಿಯನ್ನು ತೂಗಿದಾಗ 118 ಗ್ರಾಂ ಬಂತು. ಗಿಳಿಯ ಬಳಗದ ಈ ಜುಟ್ಟಿನ ಪುಟ್ಟ ಹಕ್ಕಿಗೆ 90ರ ಆಸುಪಾಸು ಇದ್ದರೆ ಸಾಕು. ಎದೆಯ ಗರಿಗಳನ್ನು ಒದ್ದೆ ಮಾಡಿ ಸರಿಸಿ, ಚರ್ಮದಡಿಯಲ್ಲಿ ಹಳದಿಯಾಗಿ ಕಾಣುತ್ತಿದ್ದ ಕೊಬ್ಬನ್ನು ತೋರಿಸಿದರು. ಎರಡು ವರ್ಷದಿಂದ ನಾನು ಹಾಕುತ್ತಿದ್ದದ್ದು ಅಂಗಡಿಯ ಮಿಶ್ರ ಕಾಳು, ಅದರಲ್ಲಿ ಅರ್ಧಕ್ಕರ್ಧ ಸೂರ್ಯಕಾಂತಿ. ಸೂರ್ಯಕಾಂತಿ ತಿರುಳಿನ ತೂಕದಲ್ಲಿ ಸುಮಾರು ಅರ್ಧ ಬರೀ ಕೊಬ್ಬು. ಕ್ಯಾಲ್ಸಿಯಂ ಅತ್ಯಲ್ಪ, ವಿಟಮಿನ್ ಎ ಇಲ್ಲವೆಂದೇ ಹೇಳಬೇಕು. ಹಕ್ಕಿ ಬೇಡವೆಂದದ್ದನ್ನು ಬದಿಗೆ ತಳ್ಳಿ ಅದೊಂದನ್ನೇ ಆರಿಸಿ ತಿನ್ನುತ್ತಿತ್ತು. ಪ್ರೀತಿಯಿಂದ ಸಾಕಿದ ಜೀವಕ್ಕೆ ನನ್ನ ಕೈಯಾರೆ ಕೆಡುಕಾಯಿತಲ್ಲ ಎಂದು ತೀರ್ಥಹಳ್ಳಿಗೆ ಮರಳುವ ಬಸ್ಸಿನುದ್ದಕ್ಕೂ ಸಂಕಟಪಟ್ಟೆ.

ಮನೆಯಲ್ಲಿರುವುದು ಕಾಕಟೀಲ್ ಜೋಡಿ ಮುತ್ತು ಮತ್ತು ಚುಕ್ಕಿ, ಜೊತೆಗೆ ಹೊನ್ನ ಎಂಬ ಸನ್ ಕನ್ಯೂರ್, ಹಳದಿ-ಕಿತ್ತಳೆ ಬಣ್ಣದ ಗಿಳಿ. ನಮ್ಮ ಅಡಿಕೆ ತೋಟದ ಮೇಲೆ ಕೂಗುತ್ತಾ ಹಾರುವ ಊರ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅದನ್ನು ಸಾಕುವ ಆಸೆ ಯಾರಿಗೂ ಬೇಡ. ಸನ್ ಕನ್ಯೂರ್ ಹೊರದೇಶದ ಹಕ್ಕಿಯೇ ಆದರೂ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟೀಸ್‌ನ ಪಟ್ಟಿಯಲ್ಲಿದೆ, ಹಾಗಾಗಿ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಿದ್ದೇವೆ.

ಮೊಳಕೆ, ಹಸಿ ತರಕಾರಿ, ಬೇಯಿಸಿದ ಮುದ್ದೆ, ಇವುಗಳಲ್ಲಿ ಯಾವುದು ಒಗ್ಗುತ್ತದೆಂದು ಮೂರನ್ನೂ ಕೊಟ್ಟು ನೋಡಲು ಹೊರಟೆ. ಪ್ರಯೋಗದ ಕ್ರಮ ಸರಳವಾಗಿತ್ತು. ಸಂಜೆಯ ಒಣ ಕಾಳು ಪ್ರಯೋಗದುದ್ದಕ್ಕೂ ಒಂದೇ: ನವಣೆ, ಸಾಮೆ, ಸಜ್ಜೆ, ಚಿಟಿಕೆ ಕುಸುಬೆ, ಸೂರ್ಯಕಾಂತಿ ಪೂರ್ತಿ ಬಂದ್. ಬೆಳಗಿನ ತಾಜಾ ಬಟ್ಟಲನ್ನು ಮಾತ್ರ ಬದಲಿಸಿದೆ. ಒಂದೊಂದು ಬಗೆಗೂ ನಾಲ್ಕು ವಾರ. ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೂರನ್ನೂ ತೂಗಿ ಬರೆದಿಡುತ್ತಿದ್ದೆ. ಆಹಾರ ಬದಲಿಸುವಾಗ ಇದನ್ನು ಬಿಡಲೇಬಾರದು. ಹಕ್ಕಿ ಬಟ್ಟಲನ್ನು ಕೆದಕಿ ಚೆಲ್ಲಿ ತಿಂದಂತೆ ನಟಿಸುತ್ತದೆ. ಹಸಿದಿದೆಯೋ ಇಲ್ಲವೋ ತಕ್ಕಡಿಯೇ ಹೇಳಬೇಕು. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ ಹಳೆಯ ಆಹಾರಕ್ಕೆ ಮರಳಿ ವೈದ್ಯರನ್ನು ಕಾಣುವುದು ಎಂದು ನಿಶ್ಚಯಿಸಿದ್ದೆ. ಹಾಗಾಗಲಿಲ್ಲ.

ಮೊದಲು ಫೆಬ್ರುವರಿಯಲ್ಲಿ ಮೊಳಕೆ. ಹೆಸರುಕಾಳು, ಮಡಿಕೆಕಾಳು, ಗೋಧಿ, ನವಣೆ, ರಾಗಿ. ರಾತ್ರಿ ನೆನೆಸಿ, ಬೆಳಿಗ್ಗೆ ಮೂರು ನೀರಿನಲ್ಲಿ ತೊಳೆದು, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕುವುದು, ದಿನಕ್ಕೆ ಎರಡು ಮೂರು ಸಲ ಮತ್ತೆ ತೊಳೆಯುವುದು. ಬಾಲ ಎಳ್ಳಿನಷ್ಟು ಹೊರಬಂದರೆ ಸಾಕು, ಕೋಸಂಬರಿಗೆ ಬೇಕಾದಷ್ಟು ಉದ್ದ ಬೇಡ. ಕಾಕಟೀಲ್‌ಗಳು ಎರಡನೆಯ ದಿನವೇ ಒಪ್ಪಿಕೊಂಡವು. ಅವು ಆಸ್ಟ್ರೇಲಿಯಾದ ಒಣ ಬಯಲುಗಳಲ್ಲಿ ನೆಲದ ಮೇಲೆ ಹುಲ್ಲಿನ ಬೀಜ ಆರಿಸಿ ತಿನ್ನುವ ಜಾತಿ. ಮೊಳಕೆ ಅವುಗಳ ಕಣ್ಣಿಗೆ ಬೀಜವೇ. ನಾಲ್ಕು ವಾರದಲ್ಲಿ ಚುಕ್ಕಿ 118ರಿಂದ 109ಕ್ಕೆ ಇಳಿದಳು, ಲವಲವಿಕೆ ಕುಗ್ಗದೆ. ಹೊನ್ನನಿಗೆ ಮಾತ್ರ ಸಣ್ಣ ಕಾಳಿನಲ್ಲಿ ಆಸಕ್ತಿಯೇ ಇಲ್ಲ, ಹೆಸರುಕಾಳನ್ನಷ್ಟೇ ಸಿಪ್ಪೆ ಬಿಡಿಸಿ ತಿಂದ.

ಇದೇ ಮೊಳಕೆಯನ್ನು ಜುಲೈನಲ್ಲಿ ಇನ್ನೊಮ್ಮೆ ಮಾಡಿ ನೋಡಿದೆ. ಮೂರು ದಿನದಿಂದ ಬಿಟ್ಟೂಬಿಡದ ಮಳೆ, ಒಗೆದ ಬಟ್ಟೆಯೇ ಒಣಗದ ಕಾಲ. ಎರಡನೆಯ ರಾತ್ರಿಗೆ ಗಂಟಿನೊಳಗೆ ಲೋಳೆ, ಹುಳಿ ವಾಸನೆ, ಗೋಧಿಯ ಬುಡದಲ್ಲಿ ಬಿಳಿ ಬೂಷ್ಟು. ಶಿಲೀಂಧ್ರವೆಂದರೆ ಹಕ್ಕಿಯ ಉಸಿರಾಟದ ಅಂಗಗಳಿಗೆ ಕಡು ವೈರಿ. ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಳಕೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಡಲೇಬೇಕೆಂದರೆ ಹನ್ನೆರಡು ಗಂಟೆ ನೆನೆಸಿ, ಮೊಳಕೆ ಕಾಣುವ ಮೊದಲೇ ಕೊಟ್ಟುಬಿಡಿ.

ಎರಡನೆಯದು ಹಸಿಯಾಗಿ ಹೆಚ್ಚಿದ ಮಿಶ್ರಣ. ಕ್ಯಾರೆಟ್, ಸಿಹಿಗುಂಬಳ, ಬೀನ್ಸ್, ಕೆಂಪು ದೊಣ್ಣೆಮೆಣಸು, ಕೊತ್ತಂಬರಿ, ನುಗ್ಗೆಸೊಪ್ಪು. ಕಿತ್ತಳೆ ಬಣ್ಣದ ತರಕಾರಿಯ ಬೀಟಾ ಕ್ಯಾರೊಟಿನನ್ನು ಹಕ್ಕಿಯ ದೇಹ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ, ಒಣ ಕಾಳು ಕೊಡಲಾರದ್ದನ್ನು ಇದು ಕೊಡುತ್ತದೆ. ಪಾಲಕ್ ಬದಲು ನುಗ್ಗೆ ಏಕೆಂದರೆ ಪಾಲಕ್‌ನ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ; ನುಗ್ಗೆಯಂತೂ ಹಿತ್ತಿಲಲ್ಲೇ ಇದೆ. ಮೊದಲು ಮಿಕ್ಸಿಗೆ ಹಾಕಿ ತಪ್ಪು ಮಾಡಿದೆ. ನೀರೊಡೆದು ಚಟ್ನಿಯಾಯಿತು, ಯಾವ ಹಕ್ಕಿಯೂ ಮೂಸಲಿಲ್ಲ. ಮೆಟ್ಟುಕತ್ತಿಯಲ್ಲಿ ಹೆಚ್ಚಿದ ಮೇಲೆ ಹೊನ್ನ ಮುಗಿಬಿದ್ದ. ಕನ್ಯೂರ್ ತುಂಡನ್ನು ಕಾಲಿನಲ್ಲಿ ಹಿಡಿದು ಕಚ್ಚಿ ತಿನ್ನುತ್ತದೆ, ಅದಕ್ಕೆ ಕಡಲೆಬೀಜದ ಗಾತ್ರದ ಹೋಳು ಬೇಕು. ಕಾಕಟೀಲ್ ಸಾಮಾನ್ಯವಾಗಿ ಕಾಲಿನಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಜೀರಿಗೆಯಷ್ಟು ಸಣ್ಣ ಚೂರು ಬೇಕು. ಒಂದೇ ಬಟ್ಟಲಿಗೆ ಎರಡು ಬಗೆಯ ಹೆಚ್ಚಿಕೆ, ಬೆಳಗಿನ ಇಪ್ಪತ್ತು ನಿಮಿಷ. ಹೊನ್ನನಿಗೆ ಮಾಗಿದ ಜೀರಿಗೆ ಮೆಣಸೊಂದನ್ನು ಸೇರಿಸುತ್ತೇನೆ. ನಮ್ಮ ನಾಲಿಗೆ ಉರಿದುಹೋಗುವ ಆ ಮೆಣಸು ಹಕ್ಕಿಗಳಿಗೆ ಖಾರವೆನಿಸುವುದೇ ಇಲ್ಲ. ಅದನ್ನು ಅವನು ಬೀಜಸಮೇತ ಸವಿಯುವುದನ್ನು ಎಷ್ಟು ನೋಡಿದರೂ ನನಗೆ ತಣಿಯದು.

ಕಾಕಟೀಲ್‌ಗಳಿಗೆ ಹಸಿ ತರಕಾರಿ ಒಗ್ಗಲು ಹದಿನೇಳು ದಿನ ಹಿಡಿಯಿತು. ಹೆಚ್ಚಿದ್ದರ ಮೇಲೆ ನವಣೆ ಉದುರಿಸಿ, ಕೆದಕುತ್ತಾ ಕೆದಕುತ್ತಾ ತರಕಾರಿಯ ರುಚಿ ಹತ್ತುವಂತೆ ಮಾಡಬೇಕಾಯಿತು. ಒಂದು ವಾರದ್ದನ್ನು ಒಮ್ಮೆಲೇ ಹೆಚ್ಚಿ ಫ್ರೀಜರ್‌ನಲ್ಲಿಡುವ ಉಪಾಯ ದೊಡ್ಡ ಊರಿನವರಿಗೆ ಸರಿ. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಮರುದಿನವೂ ಬರುವ ಖಾತ್ರಿಯಿಲ್ಲ. ಕರಗಿ ಮತ್ತೆ ಗಟ್ಟಿಯಾದದ್ದನ್ನು ಹಕ್ಕಿಗೆ ಕೊಡಲು ನನಗೆ ಧೈರ್ಯವಿಲ್ಲ.

ಮೂರನೆಯದು ಬೇಯಿಸಿದ ಮುದ್ದೆ. ಕೆಂಪಕ್ಕಿ, ಹೆಸರುಬೇಳೆ, ಸಿಹಿಗೆಣಸು, ಸಿಹಿಗುಂಬಳ ಸೇರಿಸಿ ಕುಕ್ಕರ್‌ನಲ್ಲಿ ಮೂರು ಕೂಗು, ಮೇಲೆ ನುಗ್ಗೆಸೊಪ್ಪು. ಉಪ್ಪು, ಒಗ್ಗರಣೆ ಏನೂ ಇಲ್ಲ. ರಾಜ್ಮಾ ಹಾಕುವವರು ಚೆನ್ನಾಗಿ ಕುದಿಸಿಯೇ ಹಾಕಬೇಕು. ಹಸಿ ರಾಜ್ಮಾ, ಅದರ ಮೊಳಕೆ ಎರಡೂ ವಿಷ. ಪಾತ್ರೆ ಸ್ಟೀಲಿನದ್ದೇ ಆಗಿರಲಿ. ನಾನ್‌ಸ್ಟಿಕ್ ಬಾಣಲೆ ಮಿತಿಮೀರಿ ಕಾದರೆ ಹೊರಡುವ ಹೊಗೆ ಪಂಜರದ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಅಂಥ ಪಾತ್ರೆ ನಮ್ಮ ಮನೆಯಲ್ಲೀಗ ಒಂದೂ ಇಲ್ಲ.

ಜೂನ್ ಮಳೆಯಲ್ಲಿ ಬೆಚ್ಚಗೆ ಕೊಟ್ಟೆ. ಮೂರೂ ಹಕ್ಕಿಗಳು ಮೊದಲ ದಿನವೇ ತಿಂದವು. ಅತ್ತೆ ಬಟ್ಟಲು ಎತ್ತಿ ತೋರಿಸಿ, "ನೋಡು, ತೊಳೆದಿಟ್ಟ ಹಾಗಿದೆ. ಇನ್ನು ಇದನ್ನೇ ಮಾಡು, ಆ ಹೆಚ್ಚುವ ಕೆಲಸವೆಲ್ಲ ಯಾಕೆ?" ಎಂದರು. ನನಗೂ ಹಾಗೆಯೇ ಅನಿಸಿತು. ಹೋಲಿಕೆ ಮುಗಿಯಿತು, ಮುದ್ದೆಯೇ ಗೆದ್ದಿತು ಎಂದು ಪುಸ್ತಕದಲ್ಲಿ ಬರೆದೂ ಬಿಟ್ಟೆ.

ಮೂರನೆಯ ವಾರದಲ್ಲಿ ಚುಕ್ಕಿ ಪಂಜರದ ಮೂಲೆಯ ಕಾಗದವನ್ನು ಹರಿದು ಗುಡ್ಡೆ ಮಾಡತೊಡಗಿದಳು. ಮುತ್ತು ಅವಳಿಗೆ ತುತ್ತು ಉಣಿಸತೊಡಗಿದ. ಗೂಡುಪೆಟ್ಟಿಗೆಯಿಲ್ಲದೆ ಎರಡು ವರ್ಷ ಮೊಟ್ಟೆಯ ಸುದ್ದಿಯೇ ಇಲ್ಲದಿದ್ದ ಜೋಡಿ. ಒಂದು ಬೆಳಿಗ್ಗೆ ಮೂಲೆಯಲ್ಲಿ ಬಿಳಿ ಮೊಟ್ಟೆ, ಒಂದು ದಿನ ಬಿಟ್ಟು ಇನ್ನೊಂದು, ಹೀಗೆ ಆರು. ಫೋನಿನಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, "ಬಿಸಿ ಬಿಸಿ ಮೆತ್ತನೆಯದು ಕೊಡುತ್ತಿದ್ದೀರಾ?" ಕಾಡಿನ ಕಾಕಟೀಲ್ ಮಳೆ ಬಿದ್ದು ಆಹಾರ ಸಮೃದ್ಧವಾದಾಗ ಗೂಡು ಮಾಡುತ್ತದೆ. ಹೊರಗೆ ಮಳೆಯ ಸದ್ದು, ಒಳಗೆ ದಿನವೂ ಮರಿಗೆ ಉಣಿಸುವಂಥ ಬೆಚ್ಚನೆಯ ಮೆತ್ತಗಿನ ತುತ್ತು: ಮರಿ ಮಾಡುವ ಕಾಲ ಬಂತೆಂದು ಅವಳ ದೇಹ ತಿಳಿದುಕೊಂಡಿತು.

ಒಂದೊಂದು ಮೊಟ್ಟೆಯ ಚಿಪ್ಪಿಗೂ ಕ್ಯಾಲ್ಸಿಯಂ ಹೋಗುವುದು ಅವಳು ತಿಂದದ್ದರಿಂದ ಮತ್ತು ಅವಳ ಮೂಳೆಯಿಂದ. ಸಾಲದೇ ಹೋದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತದೆ. ಐದನೆಯ ಮೊಟ್ಟೆಯ ದಿನ ಅವಳು ಗರಿ ಕೆದರಿಕೊಂಡು ನೆಲದ ಮೇಲೆ ಕುಳಿತುಬಿಟ್ಟಾಗ ನನಗೆ ಊಟ ಸೇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಟ್ಟೆ ಬಂತು. ಮೊಟ್ಟೆಗಳನ್ನು ತೆಗೆದುಹಾಕಿದರೆ ಆ ಕೊರತೆ ತುಂಬಲು ಮತ್ತೆ ಇಡುತ್ತಾಳೆ. ಅದಕ್ಕೆ ವೈದ್ಯರು ಹೇಳಿದಂತೆ ಕುದಿಸಿ ಆರಿಸಿ ಅವನ್ನೇ ಅಲ್ಲಿಟ್ಟೆ. ಸಂಜೆ ಆರಕ್ಕೇ ಪಂಜರಕ್ಕೆ ಬಟ್ಟೆ ಹೊದಿಸಿದೆ, ಕ್ಯಾಲ್ಸಿಯಂಗಾಗಿ ಹಕ್ಕಿ ಕೆರೆದು ತಿನ್ನುವ ಕಟಲ್‌ಬೋನ್ (ಕಡಲಜೀವಿಯೊಂದರ ಒಳಚಿಪ್ಪು) ಕಟ್ಟಿದೆ, ಮುದ್ದೆ ನಿಲ್ಲಿಸಿದೆ. ಮೂರು ವಾರ ಕಾವು ಕೂತು, ತಾನೇ ಬೇಸರಗೊಂಡು ಎದ್ದಳು.

ಹಾಗೆಂದು ಮುದ್ದೆಯನ್ನು ಮನೆಯಿಂದ ಹೊರಗಿಡಲಿಲ್ಲ. ಒಂಟಿಯಾದ ಹೊನ್ನನಿಗೆ ಅದರಿಂದ ತೊಂದರೆಯಾಗಿಲ್ಲ. ಅವನಿಗೆ ವಾರಕ್ಕೆ ಎರಡು ದಿನ, ಪೂರ್ತಿ ಆರಿಸಿ, ಒಂದು ಚಮಚ. ಹೆಣ್ಣು ಕಾಕಟೀಲ್ ಇರುವ ಮನೆಯವರು ಇದನ್ನು ದಿನನಿತ್ಯದ ಆಹಾರ ಮಾಡಬೇಡಿ. ಮೊಳಕೆಯೂ ಕೆಲವು ಹಕ್ಕಿಗಳಲ್ಲಿ ಇದೇ ಆಸೆ ಕೆರಳಿಸಬಹುದು. ಚುಕ್ಕಿಯಲ್ಲಿ ಹಾಗಾಗಲಿಲ್ಲ, ಆದರೂ ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದೇನೆ.

ಯಾವ ಬಟ್ಟಲಿಗೂ ಬೀಳಬಾರದವು: ಬೆಣ್ಣೆಹಣ್ಣು (ಅವಕಾಡೊ), ಚಾಕೊಲೇಟ್, ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಸೇಬಿನ ಬೀಜ, ಮುಗ್ಗಲು ಹಿಡಿದ ಕಡಲೆಬೀಜ. ಬೆಣ್ಣೆಹಣ್ಣು ನಮ್ಮ ಸೀಮೆಯ ತೋಟಗಳಲ್ಲಿ ಧಾರಾಳ, ಮಕ್ಕಳು ಅಕ್ಕರೆಯಿಂದ ಚೂರು ಕೊಟ್ಟುಬಿಡುತ್ತಾರೆ. ಅದರಲ್ಲಿರುವ ಪರ್ಸಿನ್ ಎಂಬ ವಿಷ ಹಕ್ಕಿಯ ಹೃದಯವನ್ನೇ ಕೆಡಿಸುತ್ತದೆ. ತಾಜಾ ಆಹಾರ ಯಾವುದೇ ಆಗಲಿ, ಎರಡು ಗಂಟೆಯೊಳಗೆ ಬಟ್ಟಲು ತೆಗೆದು ಬಿಸಿನೀರಿನಲ್ಲಿ ತೊಳೆಯುತ್ತೇನೆ.

ಈಗ ಮಳೆಗಾಲದಲ್ಲಿ ಮೂವರಿಗೂ ಹಸಿ ತರಕಾರಿ, ಕಾಕಟೀಲ್‌ಗಳಿಗೆ ಮೇಲೆ ನೆನೆಸಿದ ನವಣೆ. ಅಕ್ಟೋಬರ್‌ನಲ್ಲಿ ಬಿಸಿಲು ಬಂದ ಮೇಲೆ ಮೊಳಕೆಯ ಗಂಟು ಮತ್ತೆ ಕಿಟಕಿಗೆ ಏರುತ್ತದೆ. ಚುಕ್ಕಿ ಇವತ್ತು ಬೆಳಿಗ್ಗೆ 96 ಗ್ರಾಂ.