ಲ್ಯಾಮಿನೇಟ್ ಫ್ಲೋರಿಂಗ್ ಹಾಕಿಸುತ್ತಿದ್ದೀರಾ? ಅಡಿಯ ಶೀಟ್ ಮೊದಲು ನೋಡಿ

ಮಂಗಳೂರಿನ ನಮ್ಮ ಮನೆಯ ನೆಲಮಹಡಿ ಕೋಣೆಗೆ ಹೋದ ಬೇಸಿಗೆಯಲ್ಲಿ ಲ್ಯಾಮಿನೇಟ್ ಹಾಕಿಸಿದೆವು. ಆಟಿ ತಿಂಗಳು (ಜುಲೈ-ಆಗಸ್ಟ್ ಮಳೆಗಾಲ) ಬರುವಷ್ಟರಲ್ಲಿ ಪಟ್ಟಿಗಳ ಅಂಚು ಉಬ್ಬಿ, ಬರಿಗಾಲಲ್ಲಿ ನಡೆದರೆ ತಾಗುತ್ತಿತ್ತು. "ಒರೆಸುವಾಗ ನೀರು ಜಾಸ್ತಿ ಹಾಕಿದ್ದೀರಿ" ಅಂತ ಹಾಕಿದವರ ವಾದ. ಗೋಡೆ ಪಕ್ಕದ ಸ್ಕರ್ಟಿಂಗ್ ಬಿಚ್ಚಿಸಿ ಪಟ್ಟಿ ಎಬ್ಬಿಸಿದೆವು. ಅಡಿಯ ಬಿಳಿ ಫೋಮ್ ಶೀಟುಗಳು ಒಂದಕ್ಕೊಂದು ಸೇರುವ ಕಡೆ, ಗೆರೆ ಎಳೆದ ಹಾಗೆ ಕಪ್ಪು ಬೂಷ್ಟು. ಫೋಮ್ ಎತ್ತಿ ಸಿಮೆಂಟ್ ನೆಲ ಮುಟ್ಟಿದರೆ ಕೈಯೆಲ್ಲ ಒದ್ದೆ. ನೀರು ಬಂದದ್ದು ಮೇಲಿಂದಲ್ಲ, ಕೆಳಗಿಂದ.

ಲ್ಯಾಮಿನೇಟ್ ಪಟ್ಟಿಯ ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಪಸೆ ಕುಡಿದು ಒಮ್ಮೆ ಉಬ್ಬಿದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಮುರಕಲ್ಲಿನ ತಳಪಾಯ, ಅದರ ನಡುವೆ ಮಣ್ಣು, ಮೇಲೆ ಸಿಮೆಂಟ್. ಮಳೆಗಾಲದಲ್ಲಿ ಮಣ್ಣಿನ ಪಸೆ ಹಾಗೇ ಮೇಲೆ ಏರುತ್ತದೆ. ಅಂಥ ನೆಲಕ್ಕೆ ಫೋಮ್ ಕೆಳಗೆ 200 ಮೈಕ್ರಾನ್ ಪಾಲಿಥೀನ್ ಶೀಟ್ ಬೇಕೇ ಬೇಕು. ಶೀಟುಗಳ ಅಂಚು ಒಂದರ ಮೇಲೊಂದು ಒಂದು ಗೇಣು, ಅಂದರೆ 20 ಸೆಂ.ಮೀ. ಬರಬೇಕು. ಅಲ್ಲಿ ಟೇಪ್ ಅಂಟಿಸಬೇಕು. ಅಂಚನ್ನು ಗೋಡೆಯ ಕಡೆ ಸ್ವಲ್ಪ ಮೇಲಕ್ಕೆ ಮಡಿಸಬೇಕು. ನಮ್ಮಲ್ಲಿ ಶೀಟೂ ಇಲ್ಲ, ಟೇಪೂ ಇಲ್ಲ.

ಅಂಗಡಿಯಲ್ಲಿ ತೋರಿಸುವುದೇ ಬೇರೆ. ಫೋಮನ್ನು ಹೆಬ್ಬೆರಳಲ್ಲಿ ಒತ್ತಿ, "ಎಷ್ಟು ಮೆತ್ತಗಿದೆ ನೋಡಿ ಸಾರ್" ಅಂತಾರೆ. ಮೆತ್ತಗಿದ್ದಷ್ಟೂ ತೊಂದರೆಯೇ. ದಪ್ಪ ಫೋಮ್ ಕಾಲಡಿಯಲ್ಲಿ ಕುಗ್ಗಿ, ಪಟ್ಟಿಗಳನ್ನು ಒಂದಕ್ಕೊಂದು ಸೇರಿಸುವ ಲಾಕ್ ಆಡಿ ಆಡಿ ಮುರಿಯುತ್ತದೆ. ಸಾಮಾನ್ಯ ಮನೆಗೆ 2ರಿಂದ 3 ಮಿ.ಮೀ. ಸಾಕು. ಎರಡು ಪದರ ಹಾಕ್ತೀವಿ ಅಂದರೂ ಬೇಡ ಅನ್ನಿ. ಪಟ್ಟಿಯ ಹಿಂದೆಯೇ ಫೋಮ್ ಅಂಟಿಸಿ ಬಂದಿದ್ದರೆ ಇನ್ನೊಂದು ಫೋಮ್ ಹಾಕಿಸಬೇಡಿ. ನೆಲ ಏರುತಗ್ಗಾಗಿದ್ದರೆ ಅದನ್ನು ಸಿಮೆಂಟಿನಲ್ಲೇ ಸರಿಮಾಡಿಸಿ, ಫೋಮಿನಲ್ಲಿ ಮುಚ್ಚೋಕೆ ಬಿಡಬೇಡಿ.

ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಾದರೆ ಪಸೆಯ ಕಾಟ ಕಡಿಮೆ, ಸದ್ದಿನದೇ ಜಾಸ್ತಿ. ಕೆಳಗಿನ ಮನೆಯವರು ಬೈಯಬಾರದು ಅಂದರೆ ಫೋಮ್ ಬದಲು ಕಾರ್ಕ್ ಅಂಡರ್‌ಲೇ ಒಳ್ಳೆಯದು. ಆದರೆ ಹೊಸದಾಗಿ ಹಾಕಿದ ಕಾಂಕ್ರೀಟ್ ಒಣಗೋಕೆ ತಿಂಗಳುಗಟ್ಟಲೆ ಬೇಕು. ಅಲ್ಲಿ ಅವಸರ ಮಾಡಬೇಡಿ.

ನೆಲದಲ್ಲಿ ಪಸೆ ಇದೆಯಾ ಅಂತ ನೋಡುವ ಪರೀಕ್ಷೆ ಸುಲಭ. ಎರಡಡಿ ಚೌಕದ ಪಾಲಿಥೀನ್ ತುಂಡನ್ನು ನೆಲಕ್ಕಿಟ್ಟು, ನಾಲ್ಕೂ ಕಡೆ ಟೇಪ್ ಹಾಕಿ, ಎರಡು ದಿನ ಬಿಡಿ. ತೆಗೆದಾಗ ಒಳಗೆ ಹನಿ ನಿಂತಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ಪಸೆ ಇದೆ. ಇದನ್ನು ಜುಲೈನಲ್ಲಿ ಮಾಡಿ. ಏಪ್ರಿಲ್‌ನಲ್ಲಿ ಕರಾವಳಿಯ ಯಾವ ನೆಲವೂ ಒಣಗಿದ ಹಾಗೇ ಕಾಣುತ್ತದೆ, ನಮಗೆ ನೆಲ ಒಣಗಿದೆ ಅಂತ ತೋರಿಸಿದ್ದೂ ಆಗಲೇ.

ಕೊಟೇಶನ್‌ನಲ್ಲಿ ಪಾಲಿಥೀನ್ ಎಷ್ಟು ಮೈಕ್ರಾನ್, ಟೇಪ್ ಸೇರಿದೆಯಾ ಅಂತ ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ ಇದ್ದದ್ದು "ಅಂಡರ್‌ಲೇ ಸಹಿತ" ಅಂತ ಅಷ್ಟೇ. ವಾರಂಟಿ ಕಾರ್ಡ್ ಹಿಂದೆ, ನೆಲದಡಿಯ ತೇವಕ್ಕೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿದೆ. ದುಡ್ಡು ವಾಪಸ್ ಬರಲಿಲ್ಲ.