ಬಿಡ್ ಮಾಡಿಕೊಡುವ ಏಜೆನ್ಸಿಗೆ 45 ಸಾವಿರ ಕೊಟ್ಟೆ: ಅರ್ಧ ಖುಷಿ, ಅರ್ಧ ತಲೆನೋವು

ನಮ್ಮದು ಶಿವಮೊಗ್ಗದ 18 ಜನರ ಕಂಪನಿ. ಹಳೆಯ ಕಡತ, ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಕೆಲಸ. ಇಷ್ಟು ವರ್ಷ ಟೆಂಡರ್ ಕಾಗದವನ್ನೆಲ್ಲ ನಾನೇ ರಾತ್ರಿ ಕೂತು ಮಾಡುತ್ತಿದ್ದೆ. ಮಾಡುವುದೇನು, ಹಳೆಯ ಬಿಡ್ ತೆಗೆದು ಹೆಸರು, ತಾರೀಕು ಬದಲಿಸುವುದು. ಎಲ್1 ಟೆಂಡರ್‌ಗೆ ಅದು ಸಾಕು ಕೂಡ, ಯಾಕೆಂದರೆ ಅಲ್ಲಿ ಅರ್ಹತೆ ಇದ್ದವರಲ್ಲಿ ರೇಟು ಕಡಿಮೆ ಹಾಕಿದವನಿಗೆ ಕೆಲಸ. ಪುಟ ಚೆಂದ ಇದೆಯಾ ಅಂತ ಯಾರೂ ನೋಡುವುದಿಲ್ಲ.

ಈ ಸಲ ಬಂದಿದ್ದು ಕ್ಯೂಸಿಬಿಎಸ್ ಟೆಂಡರ್, ಅಂದರೆ ಗುಣಮಟ್ಟ, ರೇಟು ಎರಡನ್ನೂ ತೂಗಿ ಕೆಲಸ ಕೊಡುವಂಥದ್ದು. ಟೆಕ್ನಿಕಲ್ ಅಂಕಕ್ಕೆ 70, ರೇಟಿಗೆ 30. ಕೆಲಸವನ್ನು ಹೇಗೆ ಮಾಡುತ್ತೀರಿ, ಯಾರು ಮಾಡುತ್ತಾರೆ, ಹಿಂದೆ ಎಲ್ಲಿ ಮಾಡಿದ್ದೀರಿ ಅಂತ ಬರೆದಿದ್ದಕ್ಕೂ ಅಂಕ ಇದೆ. ಹಾಗಾಗಿ ಬೆಂಗಳೂರಿನ ಒಂದು ಏಜೆನ್ಸಿಗೆ ಕೊಟ್ಟೆ. ಕೋಆರ್ಡಿನೇಷನ್ ಮತ್ತು ಡಿಸೈನ್ ಸೇರಿ 45 ಸಾವಿರ. ಗೆದ್ದರೆ ಇಷ್ಟು ಪರ್ಸೆಂಟ್ ಕೊಡಿ ಅಂದರು, ಅದು ಆಗುವುದಿಲ್ಲ ಅಂದೆ, ಒಪ್ಪಿದರು. ಅವರ ಹೆಸರು ಇಲ್ಲಿ ಹಾಕುವುದಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಕೋಆರ್ಡಿನೇಟರ್ ಆಗಿ ಬಂದ ಹುಡುಗಿ ಮೊದಲ ದಿನವೇ ಟೆಂಡರ್ ದಾಖಲೆಯ ಒಂದೊಂದು ಷರತ್ತನ್ನೂ ಎಕ್ಸೆಲ್ ಶೀಟಿಗೆ ಇಳಿಸಿದಳು. ಷರತ್ತು ಏನು, ಯಾವ ಕಾಗದ ಬೇಕು, ಯಾರು ತರಬೇಕು, ಯಾವತ್ತಿಗೆ, ನಮ್ಮ ಬಿಡ್‌ನಲ್ಲಿ ಎಷ್ಟನೇ ಪುಟ. ಇಷ್ಟೇ. ಆಡಿಟರ್ ಹತ್ತಿರ ಟರ್ನ್‌ಓವರ್ ಸರ್ಟಿಫಿಕೇಟ್ ಯುಡಿಐಎನ್ (ಆ ಸರ್ಟಿಫಿಕೇಟಿನ ಗುರುತಿನ ಸಂಖ್ಯೆ) ಸಮೇತ ತರುವುದು, ವರ್ಕ್‌ಡನ್ ಸರ್ಟಿಫಿಕೇಟ್‌ಗೆ ಹಳೆಯ ಆಫೀಸಿಗೆ ಅಲೆಯುವುದು, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಅವಧಿ ಮುಗಿದಿದೆಯಾ ನೋಡುವುದು, ಇದೆಲ್ಲ ನಾನು ಕೊನೆಯ ಎರಡು ದಿನ ಮಾಡಿಕೊಳ್ಳುತ್ತಿದ್ದ ಕೆಲಸ. ಈ ಸಲ ವಾರ ಮೊದಲೇ ಮುಗಿದಿತ್ತು. ಪ್ರೀ-ಬಿಡ್ ಮೀಟಿಂಗ್ ಆದ ಮೇಲೆ ತಿದ್ದುಪಡಿ ಬಂದು ಅಫಿಡವಿಟ್ ನಮೂನೆಯೇ ಬದಲಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಅವಳು ನೋಡಿದ್ದಳು.

ಇನ್ನೊಂದು, ಹೇಳಲು ನಾಚಿಕೆ. ನಾನು ಕೊಟ್ಟ ಕರಡಿನ 31ನೇ ಪುಟದಲ್ಲಿ ಎರಡು ವರ್ಷದ ಹಿಂದೆ ಬಿಡ್ ಹಾಕಿದ್ದ ಬೇರೆ ಇಲಾಖೆಯ ಹೆಸರು ಹಾಗೇ ಉಳಿದಿತ್ತು. "ಸರ್, ಇವರು ಯಾರು?" ಅಂತ ಫೋನ್ ಮಾಡಿದಳು.

ಇನ್ನು ಡಿಸೈನ್. ಮುಖಪುಟಕ್ಕೆ ಗಾಜಿನ ಕಟ್ಟಡದ ಮುಂದೆ ಕೋಟು ಹಾಕಿ ಕೈಕುಲುಕುವ ಇಬ್ಬರು ವಿದೇಶಿಯರ ಫೋಟೋ. ನಮ್ಮ ಕೆಲಸ ಧೂಳು ಹಿಡಿದ ರೆಕಾರ್ಡ್ ರೂಮಿನದ್ದು ಸ್ವಾಮಿ! ನಮ್ಮ ಹುಡುಗರು ಮಾಸ್ಕ್ ಹಾಕಿಕೊಂಡು ರಿಜಿಸ್ಟರ್ ಬಿಚ್ಚುತ್ತಿರುವ ಫೋಟೋ ಕಳಿಸಿದೆ, ಅದನ್ನೂ ಚೆಂದ ಮಾಡುತ್ತೇವೆ ಅಂತ ನೀಲಿ ಬಣ್ಣ ಬಳಿದರು. ಅದಾದರೂ ಹೋಗಲಿ, ಕನ್ನಡದ ಪುಟಗಳಲ್ಲಿ ಒತ್ತಕ್ಷರ ಪೂರ್ತಿ ಒಡೆದಿತ್ತು. ಶಿವಮೊಗ್ಗ ಅನ್ನುವುದು "ಶಿವಮೊಗ್‌ಗ" ಆಗಿತ್ತು, ಅದೂ ಎಲ್ಲ ಪುಟದ ತಲೆಯ ಮೇಲೆ. ಡಿಸೈನರ್‌ಗೆ ಕನ್ನಡ ಓದಲು ಬರುವುದಿಲ್ಲ, ಅವನ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ, ಕನ್ನಡದಂಥ ಲಿಪಿ ಸರಿಯಾಗಿ ಕೂರಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಪ್ಪಾ ಅಂತ ನಾನೇ ಹುಡುಕಿ ಹೇಳಬೇಕಾಯಿತು. ಐದು ನಿಮಿಷದ ಕೆಲಸ, ಅದಕ್ಕೆ ಎರಡು ದಿನ ಜಗಳ. ಕೊನೆಯ ದಿನ ನೋಡಿದರೆ ಫೈಲ್ ಪೋರ್ಟಲ್ ಒಪ್ಪುವುದಕ್ಕಿಂತ ದೊಡ್ಡದು, ಆ ನೀಲಿ ಫೋಟೋಗಳ ದೆಸೆಯಿಂದ. ನಾಲ್ಕು ಗಂಟೆಗೆ ಗಡುವು, ಮೂರು ಗಂಟೆಗೆ ಇನ್ನೂ ಸೈಜ್ ಇಳಿಸುತ್ತಾ ಕೂತಿದ್ದರು. ನನ್ನ ಬಿಪಿ ಕೇಳಬೇಡಿ.

ಫಲಿತಾಂಶ? ನಮಗೆ ಟೆಕ್ನಿಕಲ್‌ನಲ್ಲಿ 84, ಎದುರಾಳಿಗೆ 76. ಅವರ ರೇಟು 60 ಲಕ್ಷ, ನಮ್ಮದು 72. ಕಡಿಮೆ ರೇಟಿನವರಿಗೆ ಪೂರ್ತಿ 30, ನಮಗೆ 60ನ್ನು 72ರಿಂದ ಭಾಗಿಸಿದ ಲೆಕ್ಕದಲ್ಲಿ 25. ಟೆಕ್ನಿಕಲ್ ಅಂಕವನ್ನು 70ಕ್ಕೆ ಇಳಿಸಿದರೆ ನಮ್ಮ 84 ಆಗುವುದು 58.8, ಅವರ 76 ಆಗುವುದು 53.2. ಎಲ್ಲ ಕೂಡಿಸಿದರೆ ನಮ್ಮದು 83.8, ಅವರದ್ದು 83.2. 12 ಲಕ್ಷ ಜಾಸ್ತಿ ಹಾಕಿಯೂ 0.6ರಲ್ಲಿ ಕೆಲಸ ಸಿಕ್ಕಿತು. ಆ 0.6 ಆ ಹುಡುಗಿಯ ಎಕ್ಸೆಲ್ ಶೀಟಿನದ್ದು ಅಂತಲೇ ನನ್ನ ನಂಬಿಕೆ, ನೀಲಿ ಫೋಟೋದ್ದಂತೂ ಖಂಡಿತ ಅಲ್ಲ.

ಕೋಆರ್ಡಿನೇಷನ್‌ಗೆ ಐದಕ್ಕೆ ನಾಲ್ಕೂವರೆ, ಡಿಸೈನ್‌ಗೆ ಎರಡು. ಎಲ್1 ಟೆಂಡರ್ ಮಾತ್ರ ಹಾಕುವವರು ಇಂಥವರಿಗೆ ಸುಮ್ನೆ ದುಡ್ಡು ಕೊಡಬೇಡಿ, ಒಂದು ಎಕ್ಸೆಲ್ ಶೀಟ್ ನೀವೇ ಮಾಡಿಕೊಳ್ಳಿ. ನಾನು ಮುಂದಿನ ಬಿಡ್‌ಗೆ ಕೋಆರ್ಡಿನೇಷನ್ ಮಾತ್ರ ಸಾಕು ಅಂತ ಚೌಕಾಸಿ ಮಾಡಿ 28 ಸಾವಿರಕ್ಕೆ ಒಪ್ಪಿಸಿದ್ದೇನೆ, ಅದೇ ಹುಡುಗಿ ಇರಬೇಕು ಅನ್ನುವ ಷರತ್ತಿನ ಮೇಲೆ. ಡಿಸೈನ್ ನಮ್ಮ ಬೀದಿಯಲ್ಲಿ ಮದುವೆ ಕಾರ್ಡ್ ಮಾಡುವ ಹುಡುಗನಿಗೆ. ಅವನಿಗೆ ಒತ್ತಕ್ಷರ ಬರುತ್ತದೆ.