ಎಂಟನೆಯ ತರಗತಿಯ ಸ್ವಾಗತ ದಿನ: ವೇದಿಕೆಗೆ ಎರಡು ನಕ್ಷತ್ರ, ಒಂಬತ್ತನೆಯ ತರಗತಿಗೆ ಐದು

ಹೋಟೆಲಿಗೆ, ಮಿಕ್ಸಿಗೆ, ಮೊಬೈಲಿಗೆ ವಿಮರ್ಶೆ ಬರೆಯುವವರಿದ್ದಾರೆ. ಶಾಲೆಯೊಂದು ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ಬಗೆಯನ್ನು ಯಾರೂ ತೂಗಿ ನೋಡುವುದಿಲ್ಲ. ನಾನು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಏಳನೆಯ ತರಗತಿ ಮುಗಿಸಿದ ನಮ್ಮ ಮಕ್ಕಳು ವರ್ಗಾವಣೆ ಪತ್ರ ಹಿಡಿದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಾರೆ. ಈ ಜೂನ್‌ನಲ್ಲಿ ಆ ಶಾಲೆಯವರು ಎಂಟನೆಯ ತರಗತಿಗೆ ಸೇರಿದವರಿಗೆಂದು ಸ್ವಾಗತ ದಿನ ಇಟ್ಟುಕೊಂಡು ಸುತ್ತಲಿನ ಊರುಗಳ ಏಳನೆಯ ತರಗತಿ ಶಿಕ್ಷಕರನ್ನೂ ಕರೆದಿದ್ದರು. ಹಾಗೆ ಕರೆಯುವ ಪ್ರೌಢಶಾಲೆಗಳು ಅಪರೂಪ. ಅದಕ್ಕೇ ಶಾಲೆಯ ಹೆಸರು ಹೇಳದೆ, ಆದರೆ ಮುಲಾಜಿಲ್ಲದೆ ಬರೆಯುತ್ತಿದ್ದೇನೆ.

ಮೊದಲು ವೇದಿಕೆ. ಹತ್ತು ಗಂಟೆಗೆ ಮಕ್ಕಳನ್ನು ಶಾಮಿಯಾನದ ಕೆಳಗೆ ಜಮಖಾನದ ಮೇಲೆ ಕೂರಿಸಿದರು. ಅತಿಥಿಗಳು ಬಂದದ್ದು ಹತ್ತು ಮುಕ್ಕಾಲಿಗೆ. ಆಮೇಲೆ ಪ್ರಾರ್ಥನೆ, ದೀಪ ಬೆಳಗುವುದು, ಶಾಲು, ಹಾರ, ಮೈಸೂರು ಪೇಟ. ದಾನಿಗಳಿಗೆ ಸನ್ಮಾನ ಆಗಲೇಬೇಕು, ಅವರ ದುಡ್ಡಿನಿಂದಲೇ ಶಾಮಿಯಾನ ನಿಂತಿತ್ತು. ಆದರೆ ಒಬ್ಬರಾದ ಮೇಲೊಬ್ಬರು ಮೈಕ್ ಹಿಡಿದು ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತನ್ನೇ ಆಡಿದರು. ಹದಿಮೂರು ತುಂಬದ ಮಗುವಿಗೆ 625 ಅಂಕಗಳ ಲೆಕ್ಕ ಒಪ್ಪಿಸಿ, ‘ಇನ್ನು ಆಟ ಮುಗಿಯಿತು’ ಎಂದರೆ ಅದು ಸ್ವಾಗತವೋ ನೋಟಿಸೋ? ಎಲ್ಲರಿಗಿಂತ ಮುಂದೆ ಕೂತಿದ್ದ ನಮ್ಮ ಹುಡುಗ ಜಮಖಾನದ ದಾರ ಕೀಳುತ್ತಾ ಅಂಗೈಯಗಲ ಬಯಲು ಮಾಡಿಬಿಟ್ಟಿದ್ದ. ಅವನನ್ನು ನಾನು ಗದರಲಿಲ್ಲ.

ಹನ್ನೊಂದೂವರೆಗೆ ವೇದಿಕೆ ಮುಗಿಯಿತು. ಆಮೇಲೆ ನಡೆದದ್ದಕ್ಕಾಗಿ ಈ ಶಾಲೆಯನ್ನು ಎಷ್ಟು ಹೊಗಳಿದರೂ ಸಾಲದು. ಹೊಸಬರನ್ನು ಆರಾರು ಮಂದಿಯ ಗುಂಪು ಮಾಡಿ, ಗುಂಪಿಗೊಬ್ಬ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯನ್ನು ಒಪ್ಪಿಸಿದರು. ಶಿಕ್ಷಕರು ಹಿಂದೆ ಹೋಗಬಾರದು ಎಂಬ ಕಟ್ಟಪ್ಪಣೆ ಇತ್ತು. ನಾನು ಹೊರಗಿನವಳೆಂಬ ನೆಪದಲ್ಲಿ ಒಂದು ಗುಂಪಿನ ಬೆನ್ನು ಹಿಡಿದೆ. ಎರಡು ಜಡೆಯ ಆ ಹುಡುಗಿ ಮಾತಿನಲ್ಲಿ ಮಹಾ ಜೋರು. ‘ಈ ನಲ್ಲಿಯ ನೀರು ಕೈ ತೊಳೆಯಲು ಮಾತ್ರ, ಕುಡಿಯುವ ನೀರು ಅಡುಗೆ ಕೋಣೆಯ ಪಕ್ಕ. ಗಣಿತದ ಮೇಷ್ಟ್ರ ದನಿ ಮಾತ್ರ ದೊಡ್ಡದು, ಹೆದರಬೇಡಿ. ಗ್ರಂಥಾಲಯದ ಬೀಗದ ಕೈ ಹಿಂದಿ ಟೀಚರ್ ಹತ್ತಿರ ಇರುತ್ತದೆ, ಊಟದ ಬಿಡುವಿನಲ್ಲಿ ಕೇಳಿದರೆ ಕೊಡುತ್ತಾರೆ.’ ಹುಡುಗಿಯರನ್ನು ಮಾತ್ರ ಪಕ್ಕಕ್ಕೆ ಕರೆದು ಶೌಚಾಲಯದ ಯಾವ ಬಾಗಿಲ ಚಿಲಕ ಸರಿಯಿಲ್ಲ, ಪ್ಯಾಡ್ ಬೇಕಾದರೆ ಯಾವ ಮೇಡಂ ಬೀರು ತೆಗೆದುಕೊಡುತ್ತಾರೆ ಎಂಬುದನ್ನೂ ಮುಜುಗರವಿಲ್ಲದೆ ಹೇಳಿದಳು. ಯಾವ ಅತಿಥಿಯ ಬಾಯಲ್ಲಿ ಈ ಮಾತು ಬಂದೀತು?

ಆಗ ನಮ್ಮೂರಿನ ಹುಡುಗನೊಬ್ಬ ಕೇಳಿದ: ‘ಅಕ್ಕ, ಪೀರಿಯಡ್ ಮುಗಿದಾಗ ನಾವು ಎದ್ದು ಹೋಗಬೇಕೋ, ಮೇಷ್ಟ್ರೇ ಬರುತ್ತಾರೋ?’ ನಮ್ಮಲ್ಲಿ ಎರಡು ಮೂರು ವಿಷಯಗಳನ್ನು ಒಬ್ಬರೇ ಕಲಿಸುತ್ತೇವೆ. ಇಲ್ಲಿ ವಿಷಯಕ್ಕೊಬ್ಬರು, ಗಂಟೆಗೊಂದು ಮುಖ. ಮಗುವಿನ ದಿಗಿಲು ಇರುವುದೇ ಅಲ್ಲಿ. ಒಳ್ಳೆಯ ಸ್ವಾಗತ ದಿನ ಎಂದರೆ ಇಂಥ ಪ್ರಶ್ನೆ ಕೇಳಲು ಎಡೆ ಸಿಗುವ ದಿನ.

ಅದೇ ಹೊತ್ತಿಗೆ ಪೋಷಕರನ್ನು ಬೇರೆ ಕೋಣೆಯಲ್ಲಿ ಕೂರಿಸಿದ್ದು ಜಾಣತನ. ಜಾತಿ–ಆದಾಯ ಪ್ರಮಾಣಪತ್ರ, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಬಸ್ ಪಾಸು ಇವೆಲ್ಲ ಅಲ್ಲಿ ಮುಗಿದವು. ಎಂಟನೆಯ ತರಗತಿಯಲ್ಲೇ ಬರೆಯಬೇಕಾದ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಯ ವಿಷಯವನ್ನೂ ಹೇಳಿದರು. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ ಎಂದಾಗ, ಅದುವರೆಗೆ ಗಡಿಯಾರ ನೋಡುತ್ತಿದ್ದ ಅಪ್ಪಂದಿರು ಪೆನ್ನು ಹುಡುಕತೊಡಗಿದರು. 2006–07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯ ಕಾಲದಲ್ಲಿ ಎಂಟನೆಯ ತರಗತಿ ಎಂದರೆ ಊರಿನವರಿಗೆ ಸೈಕಲ್ಲೇ ನೆನಪಾಗುತ್ತಿತ್ತು. ಈ ವಿದ್ಯಾರ್ಥಿವೇತನವೂ ಹಾಗೆ ಬಾಯಿಂದ ಬಾಯಿಗೆ ಹೋಗಬೇಕು.

ಊಟದ ಬಗ್ಗೆ ತಕರಾರಿಲ್ಲ. ಅನ್ನ, ಸಾಂಬಾರು, ದಾನಿಗಳ ಲೆಕ್ಕದಲ್ಲಿ ಶಾವಿಗೆ ಪಾಯಸ. ಹಳಬರನ್ನೂ ಹೊಸಬರನ್ನೂ ಒಂದೇ ಪಂಕ್ತಿಯಲ್ಲಿ ಬೆರೆಸಿ ಕೂರಿಸಿದ್ದರು.

ಪಾಯಸದ ರುಚಿ ಆರುವ ಮೊದಲೇ ಪ್ರಶ್ನೆಪತ್ರಿಕೆ ಹಂಚಿದ್ದು ಮಾತ್ರ ನನಗೆ ಸೇರಲಿಲ್ಲ. ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಸೇತುಬಂಧದ ನೈದಾನಿಕ ಪರೀಕ್ಷೆ ಬೇಕೇ ಬೇಕು. ಯಾವ ಮಗು ಭಿನ್ನರಾಶಿಯಲ್ಲಿ ಎಡವುತ್ತದೆ, ಯಾರಿಗೆ ಓದೇ ತೊಡಕು ಎಂದು ತಿಳಿಯದೆ ಪಾಠ ಶುರುಮಾಡಲಾಗದು. ಆದರೆ ಅದನ್ನು ಆ ಮಧ್ಯಾಹ್ನವೇ ಮಾಡಬೇಕಿತ್ತೇ? ಒಂದು ದಿನ ಬಿಟ್ಟು ಮಾಡಿದ್ದರೆ ಯಾವ ದಾಖಲೆಯೂ ಕೆಡುತ್ತಿರಲಿಲ್ಲ. ಇನ್ನೊಂದು ಕೊರತೆಯೂ ಇದೆ: ನಮ್ಮನ್ನು ಕರೆಸಿ ಗುಲಾಬಿ ಕೊಟ್ಟರು, ಮಕ್ಕಳ ಬಗ್ಗೆ ಒಂದು ಮಾತು ಕೇಳಲಿಲ್ಲ. ಯಾರಿಗೆ ಹಲಗೆ ಸರಿಯಾಗಿ ಕಾಣಿಸುವುದಿಲ್ಲ, ಯಾರ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ ಎಂಬುದನ್ನು ಹೇಳಲು ನನಗೆ ಹತ್ತು ನಿಮಿಷ ಸಾಕಿತ್ತು.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ. ಮುಂದಿನ ವರ್ಷವೂ ಕರೆದರೆ ಖಂಡಿತ ಹೋಗುತ್ತೇನೆ. ಹತ್ತು ಗಂಟೆಗಲ್ಲ, ಹನ್ನೊಂದೂವರೆಗೆ.